ಗಾಜಿನ ಮೇಲೆ ಹೆಬ್ಬೆಟ್ಟು

ಬಲ್ಬಿನ ಗಾಜಿನ ಮೇಲೆ ಹೆಬ್ಬೆಟ್ಟಿನ ಗುರುತಿತ್ತು.

ಠಾಣೆಯ ಹಿಂದಿನ ಅಂಗಳದಲ್ಲಿ, ಹಿಡಿದು ತಂದು ನಿಲ್ಲಿಸಿದ ಗಾಡಿಗಳ ಸಾಲಿನ ಕೊನೆಗೆ ಕುಕ್ಕರಗಾಲಲ್ಲಿ ಕೂತು, ಕರವಸ್ತ್ರದಲ್ಲಿ ಹಿಡಿದ ಆ ಬಲ್ಬನ್ನು ಬಿಸಿಲಿಗೆ ಎತ್ತಿ ನೋಡಿದೆ. ಮೊದಲ ಸಲ ಕನ್ನಡಕವಿಲ್ಲದೆ, ಎರಡನೆಯ ಸಲ ಕನ್ನಡಕ ಹಾಕಿಕೊಂಡು. ಗುರುತು ಎರಡು ಸಲವೂ ಅಲ್ಲೇ ಇತ್ತು.

"ಏನ್ ಸಾರ್, ವಜ್ರ ನೋಡ್ದಂಗೆ ನೋಡ್ತಿದೀರ," ಎಂದ ಕಾವಲಿಗಿದ್ದ ಪೇದೆ. "ಬುಧವಾರ ನಾವೇ ಟೆಸ್ಟ್ ಮಾಡಿದ್ವಿ. ಎಂಜಿನ್ ಸ್ಟಾರ್ಟ್ ಆಗ್ತಿದ್ದ ಹಾಗೆ ಹತ್ಕೊಳ್ತು. ಲೈಟು ಸರಿಯಾಗಿದೆ ಅಂತ ಬರೆದೂ ಆಯ್ತು."

"ಎಷ್ಟು ಹೊತ್ತು ಉರಿಸಿದ್ರಿ?"

"ಎಷ್ಟು ಹೊತ್ತು ಅಂದ್ರೆ? ಹತ್ತಿತು, ಆಫ್ ಮಾಡಿದ್ವಿ. ಬೆಳಗಾನ ಉರಿಸೋಕೆ ಅದೇನು ಬೀದಿ ದೀಪಾನಾ?"

ಅವನು ಹೇಳಿದ್ದು ತಮಾಷೆಗೆ. ನನಗೆ ಬೇಕಾಗಿದ್ದೂ ಅದೇ ಉತ್ತರ.

ಸೋಮವಾರ ನಸುಕಿನಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ ಹಾಲಿನ ವ್ಯಾನು ಗುದ್ದಿ ಪೇಪರ್ ಏಜೆಂಟ್ ಸತ್ತಿದ್ದ. "ಬೈಕಿಗೆ ಲೈಟೇ ಇರಲಿಲ್ಲ, ಆ ಮನುಷ್ಯನ ಮುಖಾನೇ ನಾನು ಯಾವತ್ತೂ ನೋಡಿಲ್ಲ" ಎಂದು ವ್ಯಾನಿನ ಡ್ರೈವರು ಲಾಕಪ್ಪಿನ ಕಂಬಿ ಹಿಡಿದು ನನ್ನೆದುರೂ ಆಣೆ ಹಾಕಿದ್ದ. ಈಗಿನ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ. ಎಂಜಿನ್ ಓಡುತ್ತಿದ್ದರೆ ದೀಪ ಉರಿಯುತ್ತಲೇ ಇರಬೇಕು. ದೀಪ ಸರಿಯಿದೆ ಎಂದು ಪೊಲೀಸರು ಬರೆದ ಮೇಲೆ ಡ್ರೈವರನ ಮಾತನ್ನು ನಂಬುವವರು ಇಬ್ಬರೇ ಉಳಿದರು. ಒಬ್ಬಳು ಅವನ ವಕೀಲೆ, ಅಂದರೆ ನನ್ನ ಅಕ್ಕನ ಮಗಳು. ಇನ್ನೊಬ್ಬ ನಾನು. ನಾನೂ ಪೂರ್ತಿ ನಂಬಿದ್ದೆನೆಂದಲ್ಲ. ಬೈಕು ಪರೀಕ್ಷಿಸಿ ಕೊಡುವ ಈ ಕೆಲಸಕ್ಕೆ ಒಪ್ಪಿಕೊಂಡ ದಿನದಿಂದ ಅವಳು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಆರ್‌ಟಿಓದಲ್ಲಿ ಮೂವತ್ತೊಂದು ವರ್ಷ ವಾಹನ ತಪಾಸಣೆ ಮಾಡಿ, ನಿವೃತ್ತನಾಗುವವರೆಗೆ ಒಂದು ರೂಪಾಯಿ ಲಂಚ ಮುಟ್ಟದವನು ಈ ಲಂಚಕ್ಕೆ ಬಿದ್ದಿದ್ದೆ.

ಬಲ್ಬಿನ ವಿಷಯ ಹೇಳಿಬಿಡುತ್ತೇನೆ. ಅದು ಹಳದಿ ಬೆಳಕಿನ ಹ್ಯಾಲೊಜೆನ್ ಬಲ್ಬು. ಅದರ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟುತ್ತದೆ, ಬಲ್ಬು ಕಾದಾಗ ಆ ಜಾಗ ಸುಟ್ಟು ಬೆಳ್ಳಗಾಗುತ್ತದೆ, ಕೆಲವು ಸಲ ಗಾಜೇ ಗುಳ್ಳೆ ಏಳುತ್ತದೆ. ಈ ಗುರುತು ಬೆಳ್ಳಗಾಗಿರಲಿಲ್ಲ. ಹಸಿ ಜಿಡ್ಡು ಹಾಗೇ ಮಿನುಗುತ್ತಿತ್ತು.

ಏಜೆಂಟ್ ಆವತ್ತು ಮನೆ ಬಿಟ್ಟು ಅರ್ಧ ಗಂಟೆಯಾದರೂ ಗಾಡಿ ಓಡಿಸಿದ್ದ. ಅಷ್ಟು ಹೊತ್ತು ಈ ಬಲ್ಬು ಉರಿದಿದ್ದರೆ ಹೆಬ್ಬೆಟ್ಟು ಬೆಂದುಹೋಗಿರುತ್ತಿತ್ತು. ಅಂದಮೇಲೆ, ಅವನು ಸತ್ತ ನಂತರ ಯಾರೋ ಇದನ್ನು ತಂದು ಕೂರಿಸಿದ್ದಾರೆ. ವ್ಯಾನು ಪಕ್ಕದಿಂದ ಗುದ್ದಿದ್ದರಿಂದ ಬೈಕಿನ ಹಿಂದಿನ ಅರ್ಧ ಮುದ್ದೆಯಾಗಿತ್ತು, ಮುಂದಿನ ಅರ್ಧ ಅಂಗಡಿಯಿಂದ ಈಗ ತಂದಂತಿತ್ತು. ಬಲ್ಬು ಬದಲಿಸಲು ಯಾವ ಅಡ್ಡಿಯೂ ಇರಲಿಲ್ಲ.

ಎರಡನೆಯ ಸುಳಿವು ಅದರ ಕೆಳಗೇ ಇತ್ತು. ಹೆಡ್‌ಲೈಟಿನ ಕೆಳಗೆ ಸದಾ ಉರಿಯುವ ಸಣ್ಣ ದೀಪಕ್ಕೆ ಪೈಲಟ್ ಲೈಟು ಅನ್ನುತ್ತಾರೆ. ಅದಕ್ಕೆ ಹೊಚ್ಚ ಹೊಸ ಬಿಳಿ ಎಲ್‌ಇಡಿ ಹಾಕಿತ್ತು. ದೊಡ್ಡ ದೀಪ ಹಳೇ ಹಳದಿ, ಸಣ್ಣ ದೀಪ ಹೊಸ ಬಿಳಿ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ. ಬೆಳಕು ಸಾಲದು ಎಂದು ಬಲ್ಬು ಬದಲಿಸುವವನು ದೊಡ್ಡದನ್ನು ಬಿಟ್ಟು ಸಣ್ಣದನ್ನು ಮಾತ್ರ ಬದಲಿಸುತ್ತಾನೆಯೇ?

ಎಲ್‌ಇಡಿಯ ವೈರಿಗೆ ಜೋಡಣೆಯ ಜಾಗದಲ್ಲಿ ಕೆಂಪು ಸ್ಲೀವ್, ಅಂದರೆ ಸಣ್ಣ ಪ್ಲಾಸ್ಟಿಕ್ ಕೊಳವೆ, ತೊಡಿಸಿತ್ತು. ಎಲ್ಲರೂ ಕಪ್ಪು ಹಾಕುತ್ತಾರೆ. ಕೆಂಪು ಹಾಕುವವನು ಈ ಊರಿನಲ್ಲಿ ಒಬ್ಬನೇ. ವೈರಿಂಗ್ ಅಂಗಡಿಯ ಲೈಟಣ್ಣ.

"ಈ ಗಾಡಿ ಹತ್ತಿರ ಯಾರಾದ್ರೂ ಬಂದಿದ್ರಾ?" ಪೇದೆಯನ್ನು ಕೇಳಿದೆ.

"ಯಾರೂ ಇಲ್ಲ ಸಾರ್. ಮಂಗಳವಾರ ಸತ್ತವರ ಅಣ್ಣ ಬಂದಿದ್ರು, ಅಷ್ಟೇ. ತಮ್ಮನ ರೇನ್‌ಕೋಟ್ ಪೆಟ್ಟಿಗೇಲಿದೆ, ತಗೊಂಡು ಹೋಗ್ತೀನಿ ಅಂದ್ರು. ಪಾಪ, ಅಳ್ತಿದ್ರು. ನಾನು ಆ ಕಡೆ ತಿರುಗಿ ನಿಂತ್ಕೊಂಡೆ."

"ಅಣ್ಣ ಅಂದ್ರೆ?"

"ಅದೇ, ಲೈಟಣ್ಣ."

ಫೋಟೋ ತೆಗೆದು, ನಾಲ್ಕು ಸಾಲು ಟಿಪ್ಪಣಿ ಬರೆದು ಅಕ್ಕನ ಮಗಳಿಗೆ ಕಳುಹಿಸಿದೆ. ಎರಡೇ ನಿಮಿಷದಲ್ಲಿ ಫೋನ್ ಬಂತು.

"ಮಾವ, ಇಷ್ಟು ಸಾಕು! ಮಧ್ಯಾಹ್ನ ಜಡ್ಜ್ ಮುಂದೆ ಇಡ್ತೀನಿ. ಇವತ್ತೇ ಜಾಮೀನು ಸಿಕ್ಕಿದ್ರೂ ಸಿಕ್ತು. ನೀವು ತಿಂಡಿ ತಿಂದ್ರಾ?"

"ತಿಂದೆ," ಎಂದೆ. ತಿಂದಿರಲಿಲ್ಲ. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ಅಳಿದೂರಿಗೆ ಉಳಿದವನೇ ಗೌಡ ಎಂಬಂತೆ ಎರಡು ಕೋಣೆಯ ಮನೆಗೆ ನಾನೇ ಯಜಮಾನ, ನಾನೇ ಆಳು. ತಿಂಡಿ ತಿಂದಿರಾ ಎಂದು ಕೇಳುವವರು ಒಬ್ಬರಾದರೂ ಇದ್ದಾರಲ್ಲ ಎಂದು ಆ ಅಂಗಳದಲ್ಲಿ ನಿಂತು ನಾಚಿಕೆಯಿಲ್ಲದೆ ಖುಷಿಪಟ್ಟೆ.

* * *

ಲೈಟಣ್ಣನ ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಮೂರು ಗಂಟೆಯ ಹೊತ್ತು. ಸೊಂಟ ಹಿಡಿದುಕೊಂಡು ಬಗ್ಗಿ ಒಳಗೆ ಹೋದೆ.

ಉದ್ದನೆಯ ಕಿರಿದಾದ ಕೋಣೆ. ಒಂದು ಗೋಡೆಗೆ ಮೊಳೆಗಳಲ್ಲಿ ವೈರಿನ ಸುರುಳಿಗಳು. ಬೆಂಚಿನ ಮೇಲೆ ಬ್ಯಾಟರಿ, ಅದರಿಂದ ಹೊರಟ ಎರಡು ಟೆಸ್ಟ್ ವೈರು, ಹಳೇ ಬಲ್ಬು ತುಂಬಿದ ಬಿಸ್ಕೆಟ್ ಡಬ್ಬ. ತುದಿಯ ಗೋಡೆಗೆ ಸುಣ್ಣ ಬಳಿದು, ಹೆಡ್‌ಲೈಟಿನ ಬೆಳಕು ಎಲ್ಲಿಗೆ ಬೀಳಬೇಕೆಂದು ಕಪ್ಪು ಗೆರೆ ಎಳೆದಿತ್ತು. ಲೈಟಣ್ಣ ಸ್ಟೂಲಿನ ಮೇಲೆ ಕೂತು ಆ ಖಾಲಿ ಗೋಡೆಯನ್ನೇ ನೋಡುತ್ತಿದ್ದ. ಗೋಡೆಯ ಪಕ್ಕದ ಪರದೆಯಾಚೆ ಅವನ ಮಗಳು ಏನೋ ಬೆಸುಗೆ ಹಾಕುತ್ತಿದ್ದಳು, ವಾಸನೆ ಬರುತ್ತಿತ್ತು. ತಾಯಿಯಿಲ್ಲದ ಮಗಳು, ಇಪ್ಪತ್ನಾಲ್ಕರ ಹರೆಯ, ಅಪ್ಪನ ಜೊತೆ ಅಂಗಡಿ ನೋಡಿಕೊಳ್ಳುತ್ತಾಳೆ.

"ಅಂಗಡಿ ಮುಚ್ಚಿದೆ ಸಾಹೇಬ್ರೇ," ಎಂದ, ತಿರುಗದೆ.

"ನನ್ನ ಹತ್ರ ಗಾಡೀನೂ ಇಲ್ಲ ಮಾರಾಯ್ರೇ. ಮಾರಿ ಎರಡು ವರ್ಷ ಆಯ್ತು."

"ಹಿಂದೆ ನಾನು ಹಾಕಿದ ಲೈಟು ಕಣ್ಣಿಗೆ ಹೊಡೆಯುತ್ತೆ ಅಂತ ಹನ್ನೊಂದು ಗಾಡಿ ಫೇಲ್ ಮಾಡಿದ್ರಲ್ಲ."

"ಹನ್ನೆರಡು," ಎಂದೆ. ಇಬ್ಬರೂ ನಗಲು ಪ್ರಯತ್ನಪಟ್ಟೆವು, ಆಗಲಿಲ್ಲ.

ಫೋನಿನಲ್ಲಿದ್ದ ಫೋಟೋ ತೆಗೆದು ಅವನ ಮುಂದೆ ಹಿಡಿದೆ. ನೋಡಿದ. ನೋಡುತ್ತಲೇ ಬಲಗೈ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕೆಲಸದಲ್ಲಿದ್ದಾಗ ನೂರು ಸಲ ಕಂಡಿದ್ದೇನೆ. ಯಾವತ್ತೂ ಇಷ್ಟು ಬೇಸರವಾಗಿರಲಿಲ್ಲ.

"ಯಾರೋ ಕೆಲಸ ಗೊತ್ತಿಲ್ಲದವನು ಹಾಕಿರಬೇಕು," ಎಂದ. "ಗಾಜು ಮುಟ್ಟಿದ್ದಾನೆ."

"ನಾನೂ ಹಾಗೇ ಅಂದ್ಕೊಂಡೆ. ಆಮೇಲೆ ಪೈಲಟ್ ಲೈಟಿನ ಕೆಂಪು ಸ್ಲೀವ್ ನೋಡಿದೆ."

ಪರದೆಯಾಚೆ ಬೆಸುಗೆಯ ಸದ್ದು ನಿಂತಿತು.

"ಗಾಜು ಮುಟ್ಟಿದೋರ ಕೈಗೆ ಪಟ್ ಅಂತ ಹೊಡೀತಿದ್ದೋರು ನೀವು. ನಿಮ್ಮ ಕೈಯಿಂದ ಹೀಗಾಗೋದು ಹೇಗೆ?"

"ಅವತ್ತು ನನ್ನ ಕೈ ನನ್ನ ಮಾತು ಕೇಳ್ತಿರಲಿಲ್ಲ ಸಾಹೇಬ್ರೇ," ಎಂದ. ಅಲ್ಲಿಂದ ಮುಂದೆ ನಾನು ಕೇಳಬೇಕಾಗಲೇ ಇಲ್ಲ.

ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತಂತೆ. ಕಾರಣ ಕೇಳಿದರೆ ನಗು ಬರಬೇಕು: ಅಮ್ಮ ಸತ್ತ ಮೇಲೆ ಅವಳ ಹೊಲಿಗೆ ಯಂತ್ರವನ್ನು ತಮ್ಮ ಒಂದು ಮಾತೂ ಹೇಳದೆ ಮಾರಿದ್ದ. ಯಂತ್ರ ಹೋಯಿತು, ಮಾತೂ ಹೋಯಿತು. ಒಂದೇ ಊರು, ನಾಲ್ಕು ಬೀದಿ ಅಂತರ. ಎದುರಾದರೆ ಒಬ್ಬರು ಫೋನ್ ನೋಡುವುದು, ಇನ್ನೊಬ್ಬರು ಆಕಾಶ ನೋಡುವುದು. ಈ ನಡುವೆ ತಮ್ಮನ ಹೆಂಡತಿ ಅವನನ್ನು ಬಿಟ್ಟು ಹೋದದ್ದೂ ಅಣ್ಣನಿಗೆ ಮೂರನೆಯವರಿಂದ ತಿಳಿಯಿತು.

"ಶನಿವಾರ ಸಂಜೆ ಗಾಡಿ ತಳ್ಕೊಂಡು ಬಂದು ಇಲ್ಲಿ ನಿಂತ," ಎಂದ ಲೈಟಣ್ಣ. "ಅಣ್ಣಾ, ಬೆಳಕು ಸಾಲ್ತಿಲ್ಲ, ಜಾಸ್ತಿ ಇರೋದು ಹಾಕ್ತೀಯಾ ಅಂದ. ಅಣ್ಣಾ ಅಂದ ಸಾಹೇಬ್ರೇ. ಆರು ವರ್ಷದ ಮೇಲೆ."

"ನೀವೇನಂದ್ರಿ?"

"ಎಷ್ಟು ವ್ಯಾಟ್ ಬೇಕು ಅಂದೆ."

ಮುಕ್ಕಾಲು ಗಂಟೆ ತಮ್ಮ ಆ ಸ್ಟೂಲಿನ ಮೇಲೆ ಕೂತಿದ್ದನಂತೆ. ಹಳದಿ ಒಳ್ಳೆಯದೋ ಬಿಳಿ ಒಳ್ಳೆಯದೋ, ಮಂಜಿನಲ್ಲಿ ಯಾವುದು ಕಾಣುತ್ತದೆ, ಬ್ಯಾಟರಿ ತಡೆಯುತ್ತದೆಯೇ, ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ಎಷ್ಟು ಬಗ್ಗಿಸಬೇಕು. ಆರು ವರ್ಷದ ಮಾತನ್ನು ಇಬ್ಬರೂ ವ್ಯಾಟ್ ವೋಲ್ಟುಗಳಲ್ಲೇ ಆಡಿ ಮುಗಿಸಿದರು. ಅಣ್ಣ ಅಂಗಡಿಯಲ್ಲಿದ್ದ ಅತ್ಯುತ್ತಮ ಎಲ್‌ಇಡಿಗಳನ್ನು, ಹೆಡ್‌ಲೈಟಿಗೊಂದು ಪೈಲಟ್ಟಿಗೊಂದು, ಹಾಕಿ ಗೋಡೆಗೆ ಬೆಳಕು ಬಿಟ್ಟು ತೋರಿಸಿದ. ಕೋಣೆಯೆಲ್ಲ ಬೆಳ್ಳಗಾಯಿತಂತೆ. ತಮ್ಮ ಮಗುವಿನಂತೆ ನಕ್ಕನಂತೆ.

"ಸೋಮವಾರ ಹೋಗ್ಬಿಟ್ಟ," ಎಂದ. "ಬೈಕಿಗೆ ಲೈಟಿರಲಿಲ್ಲ ಅಂತ ಆ ಡ್ರೈವರ್ ಹೇಳಿದ್ದು ಕಿವಿಗೆ ಬಿತ್ತು. ಮಂಗಳವಾರ ರೇನ್‌ಕೋಟ್ ನೆಪ ಮಾಡಿ ಹೋಗಿ ನೋಡಿದೆ. ಹೆಡ್‌ಲೈಟಿನ ಕಪ್ಲರ್ ಬಿಚ್ಕೊಂಡಿತ್ತು. ಪೈಲಟ್ಟಿಂದೂ ಬಿಚ್ಕೊಂಡಿತ್ತು."

ಕಪ್ಲರ್ ಅಂದರೆ ವೈರಿನ ಎರಡು ತುದಿ ಸೇರಿಸುವ ಪ್ಲಾಸ್ಟಿಕ್ ಪ್ಲಗ್ಗು. ಟಕ್ ಎಂದು ಸದ್ದಾಗುವವರೆಗೆ ಒತ್ತಬೇಕು.

"ಒತ್ತಿಲ್ಲ ನಾನು," ಎಂದ ಲೈಟಣ್ಣ. "ಅವನ ಮುಖ ನೋಡ್ತಾ ಕೂತು, ಟಕ್ ಅನ್ನೋವರೆಗೂ ಒತ್ತಿಲ್ಲ. ಗಾಡಿ ಅದುರಿ ಅದುರಿ ಬಿಚ್ಕೊಂಡಿದೆ. ಮೂವತ್ತು ವರ್ಷದಲ್ಲಿ ಒಂದು ಸಲ ತಪ್ಪು ಮಾಡಿದೆ, ಅದೂ ಅವನ ಗಾಡೀಲಿ. ನನ್ನ ತಮ್ಮನ್ನ ನಾನೇ ಕೊಂದೆ ಸಾಹೇಬ್ರೇ."

ಈ ಗಾಡಿ ತನ್ನ ಅಂಗಡಿಗೆ ಬಂದೇ ಇರಲಿಲ್ಲ ಎಂದಾಗಬೇಕಿತ್ತು ಅವನಿಗೆ. ಡಬ್ಬದಲ್ಲಿ ಎತ್ತಿಟ್ಟಿದ್ದ ಹಳೇ ಬಲ್ಬನ್ನೇ ಜೇಬಿನಲ್ಲಿ ಒಯ್ದು ಕೂರಿಸಿ, ಹೊಸದನ್ನು ತಂದುಬಿಟ್ಟ. ಪೈಲಟ್ಟಿನ ಹಳೇ ಬಲ್ಬು ಸಿಗಲಿಲ್ಲ. ಅದರ ಕಪ್ಲರ್ ಮಾತ್ರ ಸಿಕ್ಕಿಸಿದ.

ನನಗೆ ಮರುಕ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

"ಆ ಡ್ರೈವರು ಅಲ್ಲಿ ನಾಲ್ಕು ದಿನದಿಂದ ಕೊಳೀತಿದ್ದಾನೆ. ಲೈಟಿರಲಿಲ್ಲ ಅಂತ ನಿಜ ಹೇಳಿದ್ದಕ್ಕೆ. ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಅನ್ನ ಇಳಿದಿದೆ ಅಂದ್ಕೊಂಡ್ರಾ ಗಂಟಲಲ್ಲಿ?"

"ನಾಳೆ ಬಂದು ಇದನ್ನೇ ಜಡ್ಜ್ ಮುಂದೆ ಹೇಳ್ಬೇಕು."

"ಹೇಳ್ತೀನಿ," ಎಂದ. ಹೆಗಲಿನ ಮೂಟೆ ಯಾರೋ ಇಳಿಸಿಕೊಂಡಂತೆ ಉಸಿರು ಬಿಟ್ಟ.

ಅಲ್ಲಿಗೆ ಮುಗಿಸಿ ಎದ್ದು ಬರಬಹುದಿತ್ತು. ಆದರೆ ತಪಾಸಣೆಯವನ ಹಾಳು ಚಟ. ಒಂದು ಕಪ್ಲರ್ ಅದುರಿ ಕಳಚಿತು ಅಂದರೆ ಒಪ್ಪುತ್ತೇನೆ. ಎರಡೂ ಒಟ್ಟಿಗೆ ಕಳಚಿಕೊಂಡವು ಅಂದರೆ ಒಪ್ಪುವುದು ಕಷ್ಟ.

"ಬಿಚ್ಚಿಕೊಂಡಿದ್ದ ತುದಿಗಳು ಹೇಗಿದ್ವು?" ಎಂದೆ. "ನೇತಾಡ್ತಿದ್ವಾ?"

"ಇಲ್ಲ. ಒಳಗಡೆ ಮಡಚಿತ್ತು. ಟೈ ಕತ್ತರಿಸಿ, ಎಳೆದು..."

"ಯಾವ ಟೈ?"

ಲೈಟಣ್ಣ ತನ್ನ ಕೈಗಳನ್ನು ನೋಡಿಕೊಂಡ. ವೈರು ಕಟ್ಟುವ ಪ್ಲಾಸ್ಟಿಕ್ ಟೈಗಳನ್ನು ದಿನಕ್ಕೆ ನೂರು ಕತ್ತರಿಸುವ ಕೈ, ಆವತ್ತೂ ಕತ್ತರಿಸಿತ್ತು. ದುಃಖದಲ್ಲಿದ್ದ ತಲೆಗೆ ಆ ಕೆಲಸ ಗೊತ್ತೇ ಆಗಿರಲಿಲ್ಲ. ಅದುರಿ ಕಳಚಿಕೊಂಡ ವೈರು ತನ್ನನ್ನು ತಾನೇ ಮಡಚಿಕೊಂಡು ಟೈ ಕಟ್ಟಿಕೊಳ್ಳುವುದಿಲ್ಲ.

"ನಾನು ಟಕ್ ಅನ್ನಿಸಿದ್ದೆ," ಎಂದ, ಬಹಳ ಮೆಲ್ಲಗೆ. "ಒತ್ತಿದ್ದೆ. ಯಾರೋ ಬಿಚ್ಚಿದ್ದಾರೆ."

"ಟೈ ಹೇಗೆ ಕಟ್ಟಿತ್ತು?"

"ತುದಿ ಬುಡಕ್ಕೇ ಕತ್ತರಿಸಿ, ಗಂಟು ಒಳಕ್ಕೆ ತಿರುಗಿಸಿ. ಕೈಗೆ ಚುಚ್ಚದ ಹಾಗೆ." ಅವನು ಪರದೆಯ ಕಡೆ ತಿರುಗಿದ. "ಹಾಗೆ ಕಟ್ಟೋದನ್ನ ನಾನು ಕಲಿಸಿದ್ದು..."

"ನನಗೆ," ಎಂದಳು ಮಗಳು.

ಪರದೆ ಸರಿಸಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಬಾತಿತ್ತು. ಅದು ಇವತ್ತಿನ ಅಳು ಅಲ್ಲ.

"ನಾನೇ ಬಿಚ್ಚಿದ್ದು ಅಪ್ಪ. ಭಾನುವಾರ ಸಂಜೆ ಚಿಕ್ಕಪ್ಪನೇ ಫೋನ್ ಮಾಡಿ ಕರೆದ್ರು. ನಾಳೆ ಒಂದು ದಿನ ಲೈಟ್ ಬೇಡ, ಎರಡೂ ಬಿಚ್ಚಿಕೊಡು ಪುಟ್ಟಿ, ಸ್ವಿಚ್ ಇಲ್ಲ ಇದಕ್ಕೆ ಅಂದ್ರು. ನೀವೇ ಮಾಡ್ಕೊಳ್ಳಿ ಅಂದ್ರೆ, ಅಣ್ಣ ಹಾಕಿರೋದು, ನಾನು ಕಿತ್ತರೆ ಹಾಳಾಗುತ್ತೆ, ಮಂಗಳವಾರ ಮತ್ತೆ ಸಿಕ್ಕಿಸಬೇಕು ಅಂದ್ರು. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಚಿಕ್ಕಪ್ಪನ್ನ ಕೊಂದಿದ್ದು ನಾನು."

ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಅಡುಗೆ ಉಣ್ಣುತ್ತ, ಇಬ್ಬರೂ ನಾಲ್ಕು ದಿನ ಕೊಂದದ್ದು ತಾನೇ ಎಂದುಕೊಂಡು ಒಬ್ಬರಿಗೊಬ್ಬರು ಬಾಯಿ ಬಿಡದೆ ಕಳೆದಿದ್ದರು. ಒಂಟಿಯಾಗಿರಲು ಒಂಟಿ ಮನೆಯೇ ಬೇಕೆಂದು ನಾನು ತಿಳಿದಿದ್ದೆ. ಅಪ್ಪ ಎದ್ದು ಹೋಗಿ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡ. ನಾನು ಪೇದೆಯ ಹಾಗೆ ಆ ಕಡೆ ತಿರುಗಿ ನಿಂತೆ.

ಆಮೇಲೆ ಕೇಳಲೇಬೇಕಾಗಿದ್ದನ್ನು ಕೇಳಿದೆ.

"ಕತ್ತಲಲ್ಲಿ ಯಾಕೆ ಹೋಗ್ಬೇಕಿತ್ತಮ್ಮ ಅವರು?"

"ಒಂದು ಗಾಡಿ ಹಿಂದೆ ಹೋಗಿ, ಅದು ಎಲ್ಲಿ ನಿಲ್ಲುತ್ತೆ ನೋಡ್ಬೇಕು ಅಂದ್ರು. ನಿಮ್ಮಪ್ಪ ಹಾಕಿದ ಲೈಟು ಒಂದು ಮೈಲಿಯಿಂದ ಕಾಣುತ್ತೆ, ಅವನು ಗುರುತು ಹಿಡೀತಾನೆ ಅಂದ್ರು."

"ಯಾವ ಗಾಡಿ?"

"ಹಾಲಿನ ವ್ಯಾನು."

"ಆ ಡ್ರೈವರ್ ನಿಮ್ಮ ಚಿಕ್ಕಪ್ಪನಿಗೆ ಗೊತ್ತಾ?"

"ಗೊತ್ತಿಲ್ದೆ ಏನು? ಹೋದ ವರ್ಷ ಆರು ತಿಂಗಳು ಚಿಕ್ಕಪ್ಪನ ಮನೆ ಮುಂದಿನ ರೂಮಲ್ಲೇ ಬಾಡಿಗೆಗಿದ್ದ. ಒಂದೇ ತಟ್ಟೇಲಿ ಊಟ ಮಾಡ್ತಿದ್ರು ಇಬ್ರೂ. ಅವನು ರೂಮ್ ಖಾಲಿ ಮಾಡಿದ ವಾರಾನೇ ಚಿಕ್ಕಮ್ಮ ಮನೆ ಬಿಟ್ಟಿದ್ದು."

ಮುಖಾನೇ ಯಾವತ್ತೂ ನೋಡಿಲ್ಲ ಎಂದು ಲಾಕಪ್ಪಿನ ಕಂಬಿ ಹಿಡಿದು ನನ್ನೆದುರು ಅತ್ತಿದ್ದ. ಲೈಟಿರಲಿಲ್ಲ ಎಂಬ ಒಂದು ನಿಜವನ್ನು ಮುಂದಿಟ್ಟು ಉಳಿದದ್ದನ್ನೆಲ್ಲ ಅದರ ಹಿಂದೆ ಬಚ್ಚಿಟ್ಟಿದ್ದ. ಆ ಒಂದು ನಿಜಕ್ಕೆ ಸಾಕ್ಷಿ ಹುಡುಕಿ ಕೊಟ್ಟವನು ನಾನು.

ಗಡಿಬಿಡಿಯಲ್ಲಿ ಫೋನ್ ತೆಗೆದೆ. ನಾನು ಒತ್ತುವ ಮೊದಲೇ ಅದೇ ರಿಂಗಾಯಿತು. ಅಕ್ಕನ ಮಗಳು.

"ಮಾವ! ಜಾಮೀನು ಸಿಕ್ತು! ನಿಮ್ಮ ಫೋಟೋ ನೋಡಿ ಜಡ್ಜ್ ಎರಡನೇ ಮಾತಾಡಲಿಲ್ಲ. ಕರ್ಕೊಂಡು ಹೋಗೋಕೆ ಯಾರೂ ಬಂದಿರಲಿಲ್ಲ ಪಾಪ, ನಾನೇ ನನ್ನ ಕಾರಲ್ಲಿ ಮನೆಗೆ ಬಿಡ್ತಿದ್ದೀನಿ. ಊರು ದಾಟಿ ಆಯ್ತು."

"ಗಾಡಿ ನಿಲ್ಸು," ಎಂದೆ. "ಎಲ್ಲಿದ್ದೀಯ? ಜನ ಇರೋ ಕಡೆ ನಿಲ್ಸು."

"ಏನಂದ್ರಿ? ಸರಿಯಾಗಿ ಕೇಳ್ತಿಲ್ಲ ಮಾವ. ಇವರೂ ನಿಮಗೆ ಥ್ಯಾಂಕ್ಸ್ ಹೇಳ್ಬೇಕಂತೆ, ಕೊಡ್ತೀನಿ ಇರಿ."

ಫೋನು ಕೈ ಬದಲಾಯಿಸಿದ ಸದ್ದು. ಆಮೇಲೆ ಕಾರಿನ ಎಂಜಿನ್ನಿನ ಸದ್ದು ಮಾತ್ರ.

"ನಮಸ್ಕಾರ ಸಾರ್," ಎಂದ ಡ್ರೈವರು. ಲಾಕಪ್ಪಿನಲ್ಲಿ ಕೇಳಿದ್ದ ಅಳು ಆ ದನಿಯಲ್ಲಿ ಒಂದಿಷ್ಟೂ ಇರಲಿಲ್ಲ. "ನಿಮ್ಮ ಉಪಕಾರ ಮರೆಯಲ್ಲ. ಒಂದೇ ಒಂದು ಕೇಳ್ಬೇಕಿತ್ತು. ಭಾನುವಾರ ಸಂಜೆ ಆ ಎರಡು ಕಪ್ಲರ್ ಬಿಚ್ಚಿದ್ದು ಲೈಟಣ್ಣನ ಮಗಳೇ ತಾನೇ?"

ಕಪ್ಲರಿನ ವಿಷಯವನ್ನು ನಾನು ಅಕ್ಕನ ಮಗಳಿ​ಗೂ ಇನ್ನೂ ಹೇಳಿರಲಿಲ್ಲ.